ತಿದ್ದಿದ ಕೈ, ಕಾಪಿಟ್ಟ ಕೈ

ಮನೆಯಲ್ಲಿ ಒಬ್ಬರು ತೀರಿಕೊಂಡಾಗ ಮುಂದೇನು ಮಾಡಬೇಕೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇಹಕ್ಕೆ ಸ್ನಾನ ಮಾಡಿಸುತ್ತೇವೆ, ಜಪಸರ ಹೇಳುತ್ತೇವೆ, ದೇವಾಲಯದ ಗಂಟೆ ಬಾರಿಸುತ್ತದೆ, ಬಲಿಪೂಜೆಯಾದ ಮೇಲೆ ಗುಂಡಿಗೆ ಹಿಡಿಮಣ್ಣು ಹಾಕುತ್ತೇವೆ. ತಿಂಗಳ ಪೂಜೆ, ವರ್ಷದ ಪೂಜೆ ಎಲ್ಲಕ್ಕೂ ಕ್ರಮವಿದೆ. ಆಸ್ತಿಗೆ ಉಯಿಲಿದೆ, ಒಡವೆಗೆ ಹಂಚಿಕೆಯಿದೆ, ಉಟ್ಟ ಬಟ್ಟೆಗಳು ಬಡವರ ಮನೆ ಸೇರುತ್ತವೆ. ಆದರೆ ಅಗಲಿದವರು ತಮ್ಮ ಕೈಯಾರೆ ಬರೆದಿಟ್ಟುಹೋದ ಹಾಳೆಗಳಿಗೆ ಮಾತ್ರ ಯಾವ ವಿಧಿಯೂ ಇಲ್ಲ, ಯಾವ ಕ್ರಮವೂ ಇಲ್ಲ. ದಿನಚರಿ, ಪತ್ರ, ಪ್ರಾರ್ಥನೆಯ ಟಿಪ್ಪಣಿ, ಅರ್ಧಕ್ಕೆ ನಿಂತ ನೆನಪುಗಳು, ಇವುಗಳನ್ನು ಸುಡಬೇಕೇ, ಇಡಬೇಕೇ, ಓದಬೇಕೇ, ಅಚ್ಚು ಹಾಕಿಸಬೇಕೇ?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ನಮ್ಮ ಧರ್ಮಸಭೆಯ ಭಕ್ತಿಸಾಹಿತ್ಯದ ಎಷ್ಟೋ ಪುಟಗಳು ಈ ಪ್ರಶ್ನೆಗೆ ಯಾರೋ ಒಬ್ಬರು ಕೊಟ್ಟ ಉತ್ತರದಿಂದಲೇ ನಮ್ಮವರೆಗೆ ಬಂದಿವೆ. ಬರೆದವರು ಮಣ್ಣಾದ ಮೇಲೆ ಅವರ ಮಾತುಗಳು ಉಳಿದವರ ಕೈಯಲ್ಲಿ ಅನಾಥ ಶಿಶುವಿನಂತೆ ಇರುತ್ತವೆ. ಆ ಕೈಗಳು ಏನು ಮಾಡುತ್ತವೆ, ಏನು ಮಾಡಬೇಕು ಎಂಬುದನ್ನು ನಮಗೆಲ್ಲ ಚಿರಪರಿಚಿತವಾದ ಒಂದು ಪುಸ್ತಕದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅದು ಬಾಲಯೇಸುವಿನ ಸಂತ ತೆರೇಸಮ್ಮನವರ 'ಒಂದು ಆತ್ಮದ ಕಥೆ'.

ಮೂರು ಬರಹಗಳು, ಮೂವರು ಓದುಗರು

ಕಿರುಪುಷ್ಪವೆಂದು ನಾವು ಪ್ರೀತಿಯಿಂದ ಕರೆಯುವ ತೆರೇಸಮ್ಮನವರು 1873ರ ಜನವರಿ 2ರಂದು ಫ್ರಾನ್ಸಿನ ಅಲಾಂಸೋ ಪಟ್ಟಣದಲ್ಲಿ ಹುಟ್ಟಿದರು. 1888ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಲಿಸಿಯೂ ನಗರದ ಕಾರ್ಮೆಲ್ ಮಠವನ್ನು ಸೇರಿದರು. 1897ರ ಸೆಪ್ಟೆಂಬರ್ 30ರಂದು ಕ್ಷಯರೋಗದಿಂದ ತೀರಿಕೊಂಡಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಮಠದ ಗೋಡೆಯ ಹೊರಗೆ ಅವರನ್ನು ಬಲ್ಲವರು ಬೆರಳೆಣಿಕೆಯಷ್ಟು ಜನ.

ಪುಸ್ತಕ ಬರೆಯಬೇಕೆಂದು ಅವರು ಎಂದೂ ಕುಳಿತವರಲ್ಲ. ನಾವು ಇಂದು ಒಂದೇ ಗ್ರಂಥವಾಗಿ ಓದುವುದು ವಾಸ್ತವವಾಗಿ ಮೂರು ಬೇರೆ ಬೇರೆ ಬರಹಗಳು. ಮೊದಲನೆಯದು 1895ರಲ್ಲಿ ಬರೆದ ಬಾಲ್ಯದ ನೆನಪುಗಳು. ಆಗ ಮಠಮಾತೆಯಾಗಿದ್ದವರು ಅವರ ಸ್ವಂತ ಅಕ್ಕ ಪೌಲೀನ್, ಅಂದರೆ ಮಾತೆ ಆಗ್ನೆಸ್. ಅವರ ಆಜ್ಞೆಯಂತೆ ತೆರೇಸಮ್ಮನವರು ದಿನದ ಕೆಲಸ ಮುಗಿದ ಮೇಲೆ ಸಿಗುತ್ತಿದ್ದ ಅಲ್ಪ ಬಿಡುವಿನಲ್ಲಿ ನೋಟುಪುಸ್ತಕವೊಂದನ್ನು ತುಂಬಿಸಿ 1896ರ ಜನವರಿಯಲ್ಲಿ ಅಕ್ಕನ ಕೈಗಿತ್ತರು. ಅಕ್ಕ ಅದನ್ನು ಕೂಡಲೇ ತೆರೆದೂ ನೋಡಲಿಲ್ಲ. ಎರಡನೆಯದು 1896ರ ಸೆಪ್ಟೆಂಬರಿನಲ್ಲಿ ಮತ್ತೊಬ್ಬ ಅಕ್ಕ ಮರೀ ಅವರಿಗೆ ಬರೆದ ಕೆಲವೇ ಪುಟಗಳ ಪತ್ರ. ಮೂರನೆಯದು 1897ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ, ಸಾವು ಹತ್ತಿರವಾದಾಗ, ಹೊಸ ಮಠಮಾತೆ ಮರೀ ದ ಗೊಂಜಾಗ ಅವರನ್ನು ಉದ್ದೇಶಿಸಿ ಬರೆದದ್ದು. ಕೊನೆಯ ಪುಟಗಳಿಗೆ ಬರುವಾಗ ಶಾಯಿಯಲ್ಲಿ ಬರೆಯುವ ಶಕ್ತಿಯೂ ಉಳಿದಿರಲಿಲ್ಲ, ಪೆನ್ಸಿಲಿನಲ್ಲಿ ಬರೆದಿದ್ದಾರೆ. ಆ ಬರಹ 'ಪ್ರೀತಿ' ಎಂಬ ಪದದಲ್ಲಿ ನಿಂತುಹೋಗಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೂರು ಬರಹಗಳಿಗೂ ಮೂವರು ಬೇರೆ ಬೇರೆ ಓದುಗರಿದ್ದಾರೆ. ಅಕ್ಕನೊಡನೆ ಆಡುವ ಮಾತು ಬೇರೆ, ಅಧಿಕಾರದಲ್ಲಿರುವ ಮಠಮಾತೆಯೊಡನೆ ಆಡುವ ಮಾತು ಬೇರೆ. ಈ ವ್ಯತ್ಯಾಸವೇ ಆ ಬರಹಗಳ ಜೀವ. ಮುಂದೆ ಮೊದಲು ಪೆಟ್ಟು ಬಿದ್ದದ್ದೂ ಇದಕ್ಕೇ.

ಅಕ್ಕನ ಪೆನ್ನು

ಕಾರ್ಮೆಲ್ ಮಠಗಳಲ್ಲಿ ಒಬ್ಬ ಭಗಿನಿ ತೀರಿಕೊಂಡರೆ ಅವರ ಜೀವನವೃತ್ತಾಂತವನ್ನು ಚಿಕ್ಕದಾಗಿ ಬರೆದು ಉಳಿದ ಮಠಗಳಿಗೆ ಕಳುಹಿಸುವ ವಾಡಿಕೆಯಿತ್ತು. ತೆರೇಸಮ್ಮನವರ ವಿಷಯದಲ್ಲಿ ಅಂತಹ ಪತ್ರದ ಬದಲು ಅವರ ಬರಹಗಳನ್ನೇ ಅಚ್ಚು ಮಾಡಿಸಿ ಕಳುಹಿಸುವುದೆಂದು ತೀರ್ಮಾನವಾಯಿತು. ಮಾತೆ ಆಗ್ನೆಸ್ ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ತಿದ್ದಲು ಕುಳಿತರು. ಅದಕ್ಕೆ ಅವರಿಗೆ ತಂಗಿಯ ಅನುಮತಿಯೂ ಇತ್ತು. ಸಾಯುವ ಮುನ್ನ ತೆರೇಸಮ್ಮನವರೇ, ತೆಗೆಯಬೇಕೆನಿಸಿದ್ದನ್ನು ತೆಗೆಯುವ, ಸೇರಿಸಬೇಕೆನಿಸಿದ್ದನ್ನು ಸೇರಿಸುವ ಸ್ವಾತಂತ್ರ್ಯವನ್ನು ಅಕ್ಕನಿಗೆ ಕೊಟ್ಟಿದ್ದರು. ಜೊತೆಗೆ ಮಠಮಾತೆ ಗೊಂಜಾಗ ಅವರು ಒಂದು ಷರತ್ತು ಹಾಕಿದರು: ಮೂರೂ ಬರಹಗಳು ತಮ್ಮೊಬ್ಬರನ್ನೇ ಉದ್ದೇಶಿಸಿ ಬರೆದವೆಂಬಂತೆ ಕಾಣಬೇಕು.

ಹೀಗೆ ಮೂರು ಬರಹಗಳು ಒಂದಾದವು, ಮೂವರು ಓದುಗರು ಒಬ್ಬರಾದರು. ವಾಕ್ಯಗಳು ನಯವಾದವು, ಕಾಗುಣಿತ ಸರಿಯಾಯಿತು, ಅಧ್ಯಾಯಗಳು ಏರ್ಪಟ್ಟವು, ಮನೆಯೊಳಗಿನ ಎಷ್ಟೋ ಸಣ್ಣ ಸಂಗತಿಗಳು ಬಿಟ್ಟುಹೋದವು. ಮುಂದೆ ವಿದ್ವಾಂಸರು ಮೂಲವನ್ನೂ ಅಚ್ಚಾದ ಪುಸ್ತಕವನ್ನೂ ಹೋಲಿಸಿ ನೋಡಿದಾಗ 7,000ಕ್ಕೂ ಹೆಚ್ಚು ವ್ಯತ್ಯಾಸಗಳು ಕಂಡುಬಂದವು. 1898ರ ಸೆಪ್ಟೆಂಬರ್ 30ರಂದು, ತೆರೇಸಮ್ಮನವರು ತೀರಿಕೊಂಡ ಮೊದಲ ವಾರ್ಷಿಕ ದಿನದಂದು, 2,000 ಪ್ರತಿಗಳ ಮೊದಲ ಆವೃತ್ತಿ ಹೊರಬಂದಿತು.

ಆ ಪುಸ್ತಕದ ಮುಂದಿನ ಯಾತ್ರೆಯನ್ನು ನಾವೆಲ್ಲ ಬಲ್ಲೆವು. ಮಠಗಳಿಂದ ಮನೆಗಳಿಗೆ, ಒಂದು ಭಾಷೆಯಿಂದ ಹಲವು ಭಾಷೆಗಳಿಗೆ ಅದು ಹರಡಿತು. 1923ರಲ್ಲಿ ತೆರೇಸಮ್ಮನವರು ಪುನೀತ ಪದವಿಗೆ, 1925ರ ಮೇ 17ರಂದು ಸಂತ ಪದವಿಗೆ ಏರಿದರು. ಮಠದ ಗೋಡೆ ದಾಟದ ಆಕೆಯನ್ನು 1927ರಲ್ಲಿ ಪ್ರೇಷಿತ ಕಾರ್ಯಗಳ ಪಾಲಕಿಯೆಂದು ಘೋಷಿಸಲಾಯಿತು. ನಮ್ಮ ನಾಡಿನ ಎಷ್ಟೋ ದೇವಾಲಯಗಳಲ್ಲಿ ಗುಲಾಬಿ ಹೂಗಳನ್ನೂ ಶಿಲುಬೆಯನ್ನೂ ಎದೆಗೊತ್ತಿ ಹಿಡಿದ ಆಕೆಯ ಪ್ರತಿಮೆಯಿದೆ. ಇದೆಲ್ಲಕ್ಕೂ ಮೊದಲ ಮೆಟ್ಟಿಲಾದದ್ದು ಅಕ್ಕ ತಿದ್ದಿದ ಆ ಪುಸ್ತಕವೇ ಎಂಬುದನ್ನು ಮರೆಯುವುದು ನ್ಯಾಯವಲ್ಲ.

ತಿದ್ದುವಿಕೆಯಿಂದ ಕಳೆದುಹೋದದ್ದು

ಹಾಗಾದರೆ ಆಕ್ಷೇಪವೇನು? ಪುಸ್ತಕ ಆತ್ಮಗಳಿಗೆ ಒಳಿತು ಮಾಡಿತು, ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಒಂದು ಉದಾಹರಣೆಯಿಂದ ಇದನ್ನು ವಿವರಿಸುತ್ತೇನೆ.

ತೆರೇಸಮ್ಮನವರ ತಾಯಿ ಝೆಲೀ ಮಾರ್ಟಿನ್ ಅವರು 1877ರ ಆಗಸ್ಟಿನಲ್ಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ಮಗುವಿಗೆ ಆಗ ನಾಲ್ಕೂವರೆ ವರ್ಷ. ಆಕೆ ಅಕ್ಕ ಪೌಲೀನಳನ್ನೇ ತನ್ನ ಎರಡನೆಯ ತಾಯಿಯಾಗಿ ಆರಿಸಿಕೊಂಡಳು. ಐದು ವರ್ಷಗಳ ನಂತರ, 1882ರ ಅಕ್ಟೋಬರಿನಲ್ಲಿ, ಆ ಎರಡನೆಯ ತಾಯಿಯೂ ಕಾರ್ಮೆಲ್ ಮಠಕ್ಕೆ ಹೊರಟುಹೋದಳು. ಅಕ್ಕ ಹೋಗುತ್ತಾಳೆಂಬುದು ಒಂಬತ್ತು ವರ್ಷದ ಹುಡುಗಿಗೆ ತಿಳಿದದ್ದು ಬೇರೆಯವರ ಮಾತು ಅಕಸ್ಮಾತ್ತಾಗಿ ಕಿವಿಗೆ ಬಿದ್ದಾಗ. ಈ ನೋವನ್ನು ತೆರೇಸಮ್ಮನವರು ಮೊದಲನೆಯ ಹಸ್ತಪ್ರತಿಯಲ್ಲಿ ಬರೆದಿದ್ದಾರೆ. ಯಾರಿಗೆ? ಪೌಲೀನಳಿಗೇ. ಅಂದು ತನ್ನನ್ನು ಬಿಟ್ಟುಹೋದ ಅಕ್ಕನಿಗೇ, ಹದಿಮೂರು ವರ್ಷಗಳ ನಂತರ, ದೂರುವ ಧ್ವನಿಯಿಲ್ಲದೆ, ಆದರೆ ಏನನ್ನೂ ಮುಚ್ಚದೆ, ಆ ದಿನ ತನಗೆ ಏನಾಯಿತೆಂದು ತಂಗಿ ಹೇಳುತ್ತಿದ್ದಾಳೆ. ಆ ಪುಟಗಳಲ್ಲಿರುವುದು ಕೇವಲ ನೆನಪಲ್ಲ, ಅದು ಕ್ಷಮೆ.

ಅದೇ ಸಂಗತಿಯನ್ನು ಮಠಮಾತೆ ಗೊಂಜಾಗ ಅವರಿಗೆ ಹೇಳಿದಂತೆ ಬದಲಿಸಿದಾಗ ಏನಾಗುತ್ತದೆ? ಘಟನೆ ಹಾಗೆಯೇ ಉಳಿಯುತ್ತದೆ, ದಿನಾಂಕ ಹಾಗೆಯೇ ಉಳಿಯುತ್ತದೆ. ಆದರೆ ಕ್ಷಮೆ ವರದಿಯಾಗಿಬಿಡುತ್ತದೆ. ಅಕ್ಕತಂಗಿಯರ ನಡುವಿನ ಮಾತು ಮೂರನೆಯವರ ಮುಂದಿನ ನಿವೇದನೆಯಾಗುತ್ತದೆ. 'ನೀನು' ಎಂಬ ಒಂದು ಪದ 'ಅವಳು' ಎಂದಾದರೆ ಎಷ್ಟು ಕಳೆದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇನ್ನೂ ಸೂಕ್ಷ್ಮವಾದ ಮಾತೆಂದರೆ, ಆ 'ನೀನು' ಯಾರಾಗಿದ್ದರೋ ಅವರೇ ಅದನ್ನು ಅಳಿಸಿದವರು.

ಮಾತುಗಳಿಗಾದದ್ದೇ ಮುಖಕ್ಕೂ ಆಯಿತು. ಇನ್ನೊಬ್ಬ ಅಕ್ಕ ಸೆಲೀನ್ 1894ರಲ್ಲಿ ಮಠ ಸೇರುವಾಗ ಕ್ಯಾಮೆರಾ ತಂದಿದ್ದರು. ಅವರು ತೆಗೆದ ತಂಗಿಯ ಚಿತ್ರಗಳು ಇಂದಿಗೂ ಇವೆ. ಆದರೆ ಸಂತಳ ಮುಖ ಹೀಗಿದ್ದರೆ ಸಾಲದೆಂಬ ಭಾವದಿಂದಲೋ ಏನೋ, ಜನರ ಕೈಗೆ ಬಹುಕಾಲ ಹೋದದ್ದು ತಿದ್ದಿ ಮೃದುಗೊಳಿಸಿದ ಚಿತ್ರಗಳು ಮತ್ತು ಕೈಯಿಂದ ಬರೆದ ಭಾವಚಿತ್ರಗಳು. ತಿದ್ದದ ಛಾಯಾಚಿತ್ರಗಳು ಸಂಗ್ರಹವಾಗಿ ಪ್ರಕಟವಾದದ್ದು 1961ರಲ್ಲಿ. ಅವುಗಳಲ್ಲಿ ಕಾಣುವ ಮುಖ ಗಟ್ಟಿಮುಟ್ಟಾದ ನಾರ್ಮಂಡಿಯ ಹೆಣ್ಣುಮಗಳದು. ಬಟ್ಟೆ ಒಗೆಯುವ, ಹುಲ್ಲು ಒಣಗಿಸುವ, ದಣಿದ, ದೃಢವಾದ ಮುಖ. ನಮ್ಮ ಊರುಗಳಲ್ಲಿಯೂ ತೀರಿಕೊಂಡವರ ಫೋಟೋವನ್ನು ಸ್ಟುಡಿಯೋದಲ್ಲಿ ತಿದ್ದಿಸಿ, ಬಣ್ಣ ಹಾಕಿಸಿ, ಕೋಟು ತೊಡಿಸಿ ಗೋಡೆಗೆ ತೂಗುಹಾಕುತ್ತೇವೆ. ಕೆಲವು ವರ್ಷಗಳಾದ ಮೇಲೆ ಮೊಮ್ಮಕ್ಕಳಿಗೆ ಗೊತ್ತಿರುವುದು ಆ ಕೋಟಿನ ಅಜ್ಜ ಮಾತ್ರ. ಗದ್ದೆಯ ಬದುವಿನಲ್ಲಿ ನಿಂತ ಅಜ್ಜ ಕಾಣೆಯಾಗಿರುತ್ತಾರೆ.

ನಷ್ಟ ಸಾಹಿತ್ಯಕ್ಕೆ ಮಾತ್ರವಲ್ಲ, ಭಕ್ತಿಗೂ ಆಗುತ್ತದೆ. ಮೂಲ ಹಸ್ತಪ್ರತಿಗಳಲ್ಲಿ ತೆರೇಸಮ್ಮನವರು ಪ್ರಾರ್ಥನೆಯ ಹೊತ್ತಿನಲ್ಲಿ ತಮಗೆ ನಿದ್ದೆ ಬರುತ್ತಿತ್ತೆಂದು ಹೇಳಿಕೊಳ್ಳುತ್ತಾರೆ. ಒಬ್ಬಳೇ ಕುಳಿತು ಜಪಸರ ಹೇಳುವುದು ತಮಗೆ ಬಹಳ ಕಷ್ಟವೆಂದು ಹೇಳಿಕೊಳ್ಳುತ್ತಾರೆ. ಕೊನೆಯ ಹದಿನೆಂಟು ತಿಂಗಳು ಸ್ವರ್ಗವೆಂಬುದೇ ಇಲ್ಲವೇನೋ ಎನ್ನುವ ಕತ್ತಲು ತಮ್ಮನ್ನು ಕವಿದಿತ್ತೆಂದೂ, ನಂಬಿಕೆಯಿಲ್ಲದವರ ಜೊತೆಗೆ ಒಂದೇ ಮೇಜಿನಲ್ಲಿ ಕುಳಿತು ಅವರ ಕಹಿ ರೊಟ್ಟಿಯನ್ನು ಉಣ್ಣಲು ತಾವು ಸಿದ್ಧರೆಂದೂ ಬರೆಯುತ್ತಾರೆ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ತೂಕಡಿಸುವ ತಾಯಿಗೆ, ಮಗನ ಸಾವಿನ ನಂತರ ದೇವಾಲಯಕ್ಕೆ ಬಂದರೂ ಪ್ರಾರ್ಥಿಸಲಾಗದ ತಂದೆಗೆ ಬೇಕಾಗಿರುವುದು ಈ ತೆರೇಸಮ್ಮನೇ. ಬಣ್ಣ ಬಳಿದ ಪ್ರತಿಮೆಯ ಮುಂದೆ ಅವರು ತಲೆ ತಗ್ಗಿಸಿಯಾರು. ಕತ್ತಲಲ್ಲಿ ಜೊತೆಗೆ ಕುಳಿತವಳ ಕೈಯನ್ನಾದರೋ ಹಿಡಿದಾರು.

ಒಂದು ನ್ಯಾಯವಾದ ತೀರ್ಪು

ಇಷ್ಟೆಲ್ಲ ಹೇಳಿದ ಮೇಲೆ ಮಾತೆ ಆಗ್ನೆಸ್ ಅವರನ್ನು ಖಂಡಿಸಿ ಲೇಖನ ಮುಗಿಸುವುದು ಸುಲಭ. ಆದರೆ ವಿಮರ್ಶೆಯೆಂದರೆ ಕಲ್ಲೆಸೆಯುವುದಲ್ಲ. ಅವರು ಬದುಕಿದ ಕಾಲದಲ್ಲಿ ಪುಣ್ಯಪುರುಷರ ಜೀವನವನ್ನು ನಯಗೊಳಿಸಿ ಬರೆಯುವುದೇ ರೂಢಿಯಾಗಿತ್ತು. ಬರೆದವಳು ತಾವು ಸಾಕಿ ಅಕ್ಷರ ಕಲಿಸಿದ ತಂಗಿ. ಬಾಲ್ಯದಲ್ಲಿ ಅವಳ ಬರವಣಿಗೆಯನ್ನು ತಿದ್ದಿದವರೂ ಅವರೇ. ಮೇಲಿನವರ ಷರತ್ತನ್ನು ಮೀರುವಂತಿರಲಿಲ್ಲ. ಮೀರಿದ್ದರೆ ಪುಸ್ತಕವೇ ಹೊರಬರುತ್ತಿರಲಿಲ್ಲ. ತಂಗಿಯ ಅನುಮತಿಯೂ ಇತ್ತು. ಆದರೂ ಒಂದು ಮಾತು ಉಳಿಯುತ್ತದೆ: ತಿದ್ದಲು ಅನುಮತಿಯಿರುವುದು ಬೇರೆ, ಯಾವುದು ತಂಗಿಯ ಮಾತು, ಯಾವುದು ಅಕ್ಕನ ಮಾತು ಎಂದು ಓದುಗನಿಗೆ ತಿಳಿಯದಂತೆ ಮಾಡುವುದು ಬೇರೆ. ಆ ಅನುಮತಿಯಲ್ಲಿ ಓದುಗನ ಹಕ್ಕು ಸೇರಿರಲಿಲ್ಲ.

ಆದರೆ ನನ್ನ ದೃಷ್ಟಿಯಲ್ಲಿ ತಕ್ಕಡಿಯನ್ನು ಅವರ ಕಡೆಗೆ ಬಾಗಿಸುವ ಸಂಗತಿಯೊಂದಿದೆ. ಅವರು ಮೂಲ ಹಸ್ತಪ್ರತಿಗಳನ್ನು ಸುಡಲಿಲ್ಲ. ಪುಸ್ತಕ ಅಚ್ಚಾದ ಮೇಲೆ ಆ ಹಳೆಯ ನೋಟುಪುಸ್ತಕಗಳಿಂದ ಏನು ಪ್ರಯೋಜನ ಎಂದು ಒಲೆಗೆ ಹಾಕಿದ್ದರೆ ಕೇಳುವವರಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಮಾತೆ ಆಗ್ನೆಸ್ 1951ರ ಜುಲೈ 28ರಂದು, ತೊಂಬತ್ತರ ಅಂಚಿನಲ್ಲಿ, ತೀರಿಕೊಂಡರು. 1956ರಲ್ಲಿ ಕಾರ್ಮೆಲ್ ಸಭೆಯ ಗುರುಗಳಾದ ಫ್ರಾನ್ಸ್ವಾ ದ ಸೇಂತ್ ಮರೀ ಅವರು ಮೂಲ ಹಸ್ತಪ್ರತಿಗಳ ಪುಟಪುಟದ ಯಥಾಪ್ರತಿಯನ್ನು ಹೊರತಂದರು. ತಿದ್ದಿದ್ದು, ಅಳಿಸಿದ್ದು, ಅಡಿಗೆರೆ ಎಳೆದದ್ದು ಎಲ್ಲವೂ ಬೆಳಕಿಗೆ ಬಂದವು. ತೆರೇಸಮ್ಮನವರು ತೀರಿಕೊಂಡು ಐವತ್ತೊಂಬತ್ತು ವರ್ಷಗಳ ನಂತರ ಅವರ ಸ್ವಂತ ದನಿ ಲೋಕಕ್ಕೆ ಕೇಳಿಸಿತು. 1997ರ ಅಕ್ಟೋಬರ್ 19ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಆಕೆಯನ್ನು ಧರ್ಮಸಭೆಯ ಪಂಡಿತೆಯೆಂದು ಘೋಷಿಸುವ ಹೊತ್ತಿಗೆ ಧರ್ಮಸಭೆಯ ಮುಂದಿದ್ದದ್ದು ಈ ಮೂಲದ ಮಾತುಗಳು. ತಿದ್ದಿದ ಕೈಯೇ ಕಾಪಿಟ್ಟ ಕೈಯೂ ಆಗಿತ್ತು. ಅದರಿಂದಾಗಿ ಆದ ತಪ್ಪು ತಿದ್ದಲು ಬರುವಂತಹ ತಪ್ಪಾಗಿ ಉಳಿಯಿತು.

ಪವಿತ್ರ ಬೈಬಲಿನಲ್ಲಿ ಇದಕ್ಕೆ ವಿರುದ್ಧವಾದ ಚಿತ್ರವೊಂದು ನಮಗೆ ಸಿಗುತ್ತದೆ. ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯದಲ್ಲಿ, ಪ್ರವಾದಿ ಹೇಳಿ ಬಾರೂಕನು ಬರೆದ ಸುರುಳಿಯನ್ನು ಅರಸ ಯೆಹೋಯಾಕೀಮನ ಮುಂದೆ ಓದಲಾಗುತ್ತದೆ. ಚಳಿಗಾಲದ ಅರಮನೆ, ಎದುರಿಗೆ ಅಗ್ಗಿಷ್ಟಿಕೆ. ಮೂರು ನಾಲ್ಕು ಅಂಕಣ ಓದಿದಂತೆಲ್ಲ ಅರಸನು ಆ ಭಾಗವನ್ನು ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಸುಡಬೇಡಿರೆಂದು ಕೆಲವು ಅಧಿಕಾರಿಗಳು ಬೇಡಿಕೊಂಡರೂ ಕೇಳುವುದಿಲ್ಲ. ಯೆರೆಮೀಯ ಬದುಕಿದ್ದ, ಆದ್ದರಿಂದ ಮತ್ತೊಂದು ಸುರುಳಿಯನ್ನು ಬರೆಸಿದ, ಇನ್ನೂ ಹೆಚ್ಚಿನ ಮಾತುಗಳನ್ನು ಸೇರಿಸಿದ. ಸತ್ತವರಿಗೆ ಆ ಭಾಗ್ಯವಿಲ್ಲ. ಅವರ ಸುರುಳಿ ಸುಟ್ಟರೆ ಮತ್ತೆ ಬರೆಯುವ ಬಾರೂಕನಿಲ್ಲ. ಅವರ ವಿಷಯದಲ್ಲಿ ನಮ್ಮ ಹೊಣೆ ಹೆಚ್ಚಾಗುವುದು ಇದರಿಂದಲೇ.

ಸುಟ್ಟುಬಿಡಿ ಎಂದವರ ಮಾತು

ಇಲ್ಲಿ ಮತ್ತೊಂದು ಕಷ್ಟದ ಪ್ರಶ್ನೆ ಏಳುತ್ತದೆ. ತೆರೇಸಮ್ಮನವರು ತಮ್ಮ ಬರಹ ಹೊರಬರುವುದಕ್ಕೆ ಒಪ್ಪಿದ್ದರು. ಆದರೆ ಬರೆದವರೇ ಸುಟ್ಟುಬಿಡಿ ಎಂದಿದ್ದರೆ?

ಲಿಸಿಯೂವಿನ ಈ ಸಂತಳ ಹೆಸರನ್ನೇ ತಮ್ಮ ಧಾರ್ಮಿಕ ಹೆಸರನ್ನಾಗಿ ಆರಿಸಿಕೊಂಡವರು ಕೊಲ್ಕತ್ತದ ಮದರ್ ತೆರೇಸಾ. ಮಹಾಧರ್ಮಾಧ್ಯಕ್ಷರಾದ ಫರ್ಡಿನಾಂಡ್ ಪೆರಿಯೆ ಅವರಿಗೂ, ತಮ್ಮ ಆತ್ಮಗುರುಗಳಾದ ಹಲವು ಯಾಜಕರಿಗೂ ಅವರು ದಶಕಗಳ ಕಾಲ ಪತ್ರಗಳನ್ನು ಬರೆದಿದ್ದರು. ದೇವರು ತಮ್ಮಿಂದ ದೂರವಾಗಿದ್ದಾರೆಂಬ ಆಳವಾದ ಕತ್ತಲಿನ ಅನುಭವ ಅವುಗಳಲ್ಲಿದೆ. ಅವುಗಳನ್ನು ನಾಶಮಾಡಬೇಕೆಂದು ಅವರು ಮತ್ತೆ ಮತ್ತೆ ಬೇಡಿಕೊಂಡರು. ಜನರು ಯೇಸುವಿಗಿಂತ ಹೆಚ್ಚಾಗಿ ತಮ್ಮ ಕಡೆಗೆ ನೋಡುವಂತಾಗಬಾರದೆಂಬುದು ಅವರ ಆತಂಕ. 1997ರ ಸೆಪ್ಟೆಂಬರ್ 5ರಂದು ಅವರು ತೀರಿಕೊಂಡರು. ಹತ್ತು ವರ್ಷಗಳ ನಂತರ, 2007ರಲ್ಲಿ, ಅವರ ಸಂತ ಪದವಿಯ ವಿಚಾರಣೆಯ ಹೊಣೆ ಹೊತ್ತಿದ್ದ ಫಾದರ್ ಬ್ರಿಯಾನ್ ಕೊಲೊಡೈಚುಕ್ ಅವರು ಆ ಪತ್ರಗಳನ್ನು 'ಕಮ್ ಬಿ ಮೈ ಲೈಟ್' ಎಂಬ ಪುಸ್ತಕದಲ್ಲಿ ಪ್ರಕಟಿಸಿದರು. ಮದರ್ ತೆರೇಸಾ ನಂಬಿಕೆ ಕಳೆದುಕೊಂಡಿದ್ದರು ಎಂಬಂತೆ ಕೆಲವರು ಆಗ ಬರೆದದ್ದೂ ಉಂಟು.

ಎರಡನೆಯ ಜಾನ್ ಪಾಲ್ ಅವರ ವಿಷಯದಲ್ಲಿಯೂ ಹೀಗೆಯೇ ಆಯಿತು. 1979ರ ಮಾರ್ಚಿನಲ್ಲಿ ಬರೆದ ಉಯಿಲಿನಲ್ಲಿ ಅವರು ತಮ್ಮ ಖಾಸಗಿ ಟಿಪ್ಪಣಿಗಳನ್ನು ಸುಡಬೇಕೆಂದು ಸ್ಪಷ್ಟವಾಗಿ ಹೇಳಿ, ಆ ಹೊಣೆಯನ್ನು ಕಾರ್ಯದರ್ಶಿ ಫಾದರ್ ಸ್ತನಿಸ್ಲಾವ್ ಜಿವಿಶ್ ಅವರಿಗೆ ಒಪ್ಪಿಸಿದ್ದರು. 2005ರಲ್ಲಿ ಜಗದ್ಗುರುಗಳು ತೀರಿಕೊಂಡರು. ಮುಂದೆ ಕಾರ್ಡಿನಲ್ ಆದ ಜಿವಿಶ್ ಅವರು, ಸುಡಲು ತಮಗೆ ಧೈರ್ಯವಾಗಲಿಲ್ಲವೆಂದು ಹೇಳಿ, 1962ರಿಂದ 2003ರವರೆಗಿನ ಆ ಟಿಪ್ಪಣಿಗಳನ್ನು 2014ರಲ್ಲಿ ಪೋಲೆಂಡಿನಲ್ಲಿ ಪ್ರಕಟಿಸಿದರು.

ಈ ಎರಡು ಪ್ರಕರಣಗಳನ್ನು ಒಂದೇ ಅಳತೆಯಿಂದ ಅಳೆಯಲಾಗದು. ಮದರ್ ಅವರ ಪತ್ರಗಳು ಬೇರೆಯವರಿಗೆ ಬರೆದವು. ಪಡೆದವರು ಅವುಗಳನ್ನು ಇಟ್ಟುಕೊಂಡಿದ್ದರು. ಧರ್ಮಸಭೆಯ ವಿಚಾರಣೆ ಅವುಗಳನ್ನು ಕೇಳಿ ಪಡೆಯಿತು. ಅವರು ಸುಡಲು ಹೇಳಿದ್ದರ ಉದ್ದೇಶವನ್ನು ಕೇಳಿದರೆ, ಯೇಸು ಕಾಣಬೇಕು, ತಾನು ಮರೆಯಾಗಬೇಕು ಎಂಬುದೇ ಆಗಿತ್ತು. ಆ ಪುಸ್ತಕವನ್ನು ನಿಧಾನವಾಗಿ ಓದಿದವರಿಗೆ ಕಾಣುವುದೇನು? ಯಾವ ಸಾಂತ್ವನವೂ ಇಲ್ಲದೆ ಸುಮಾರು ಐವತ್ತು ವರ್ಷ ಯೇಸುವಿಗೆ ನಿಷ್ಠಳಾಗಿ ಉಳಿದ ಒಂದು ಹೃದಯ. ಅವರ ಆಜ್ಞೆಯ ಅಕ್ಷರ ಮುರಿಯಿತು, ಆದರೆ ಆಶಯ ಉಳಿಯಿತು ಎಂದು ಹೇಳಬಹುದು. ಜಗದ್ಗುರುಗಳ ಟಿಪ್ಪಣಿಗಳಾದರೋ ಯಾರಿಗೂ ಬರೆದವಲ್ಲ. ದೇವರ ಸನ್ನಿಧಿಯಲ್ಲಿ ತಮಗೆ ತಾವೇ ಬರೆದುಕೊಂಡವು. ಉಯಿಲಿನ ಮಾತು ನೇರವಾಗಿತ್ತು. ಸುಡಲು ಕೈ ಬಾರದಿದ್ದುದನ್ನು ಯಾವ ಮಗ ತಾನೇ ಅರ್ಥಮಾಡಿಕೊಳ್ಳಲಾರ? ಆದರೆ ಸುಡದಿರುವುದು ಒಂದು, ಅಚ್ಚು ಹಾಕಿಸುವುದು ಇನ್ನೊಂದು. ಅವೆರಡರ ನಡುವೆ ಮುದ್ರೆ ಹಾಕಿ ಇಡುವ, ಕಾಯುವ, ಮುಂದಿನ ತಲೆಮಾರಿನ ವಿವೇಕಕ್ಕೆ ಬಿಡುವ ವಿಶಾಲವಾದ ದಾರಿಯಿತ್ತು. ಒಂಬತ್ತು ವರ್ಷ ಆ ದಾರಿಗೆ ಸಾಲದೆಂದು ನನಗೆ ತೋರುತ್ತದೆ.

ನಮ್ಮ ಟ್ರಂಕುಗಳಲ್ಲಿರುವುದು

ಸಂತರ ಮಾತಾಯಿತು, ನಮ್ಮ ಮನೆಗಳಿಗೂ ಇದಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ನೇರವಾಗಿದೆ. ತೆರೇಸಮ್ಮನವರ ಬರಹವೂ ಮೊದಲಿಗೆ ಒಂದು ಕುಟುಂಬದ ಕಾಗದವೇ ಆಗಿತ್ತು. ಅಕ್ಕಂದಿರು ಕೇಳಿದರು, ತಂಗಿ ಬರೆದಳು, ಅಷ್ಟೇ. ನಮ್ಮ ಮನೆಗಳ ಟ್ರಂಕುಗಳಲ್ಲಿಯೂ ಅಂತಹವು ಇವೆ. ಅಜ್ಜಿ ಕೈಯಲ್ಲಿ ಬರೆದುಕೊಂಡ ಪ್ರಾರ್ಥನೆ ಮತ್ತು ಹಾಡುಗಳ ಪುಸ್ತಕ, ಉಪದೇಶಿಯಾಗಿದ್ದ ತಾತನ ಟಿಪ್ಪಣಿ, ಸೇನೆಯಿಂದಲೋ ಕೊಲ್ಲಿ ದೇಶದಿಂದಲೋ ಅಪ್ಪ ಬರೆದ ಕಾಗದಗಳು, ಮದುವೆಗೆ ಮುನ್ನ ತೀರಿಕೊಂಡ ಮಗಳ ದಿನಚರಿ. ಮನೆ ಸುಣ್ಣ ಬಳಿಯುವಾಗ, ಹಳೆಯ ಮನೆ ಕೆಡವುವಾಗ ಅವು ರದ್ದಿ ಅಂಗಡಿಗೆ ತೂಕಕ್ಕೆ ಹೋಗುತ್ತವೆ, ಇಲ್ಲವೆ ಗೆದ್ದಲಿನ ಪಾಲಾಗುತ್ತವೆ. ಇನ್ನು ಕೆಲವರು, ಅಪ್ಪನ ದಿನಚರಿಯಲ್ಲಿ ಸಾಲದ ಮಾತಿದೆ, ಜಗಳದ ಮಾತಿದೆ ಎಂದು ಆ ಪುಟಗಳನ್ನಷ್ಟೇ ಹರಿದು ಉಳಿದದ್ದನ್ನು ಇಡುತ್ತಾರೆ. ಪ್ರೀತಿಯಿಂದಲೇ ಹರಿಯುತ್ತಾರೆ. ಆದರೆ ಅಪ್ಪ ಯಾವ ಹೊರೆ ಹೊತ್ತು ಮಕ್ಕಳನ್ನು ಸಾಕಿದರೆಂಬುದು ಆ ಪುಟಗಳಲ್ಲಿಯೇ ಇತ್ತು.

ಮೇಲಿನ ಮೂರು ಪ್ರಕರಣಗಳಿಂದ ನಾವು ಕಲಿಯಬಹುದಾದ ಪಾಠ ಕಠಿಣವಾದುದೇನಲ್ಲ. ಮೊದಲನೆಯದಾಗಿ, ದುಃಖ ಹಸಿಯಾಗಿರುವಾಗ ಕಾಗದಗಳ ಬಗ್ಗೆ ತೀರ್ಮಾನ ಮಾಡಬಾರದು. ಒಂದು ಪೆಟ್ಟಿಗೆಗೆ ಹಾಕಿ, ಯಾರ ಬರಹ, ಯಾವ ವರ್ಷದ್ದು ಎಂದು ಒಂದು ಚೀಟಿ ಬರೆದಿಟ್ಟು, ವರ್ಷದ ಪೂಜೆಯಾದ ಮೇಲೆ ತೆರೆಯೋಣ. ಎರಡನೆಯದಾಗಿ, ಮೂಲದ ಮೇಲೆ ಪೆನ್ನು ಆಡಿಸಬಾರದು. ಸ್ಮರಣ ಸಂಚಿಕೆಗೋ ಕುಟುಂಬದ ಪುಸ್ತಕಕ್ಕೋ ತಿದ್ದಿ ಕೊಡಬೇಕಾದರೆ ನಕಲು ಮಾಡಿಕೊಂಡು ತಿದ್ದೋಣ, ತಿದ್ದಿದ್ದೇವೆಂದು ಒಂದು ಸಾಲಿನಲ್ಲಿ ಹೇಳೋಣ. ಮೂರನೆಯದಾಗಿ, ಇಡುವುದೆಂದರೆ ಎಲ್ಲರಿಗೂ ತೋರಿಸುವುದಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 220ನೆಯ ನಿಯಮವು ಯಾರ ಒಳ್ಳೆಯ ಹೆಸರಿಗೂ ಅನ್ಯಾಯವಾಗಿ ಧಕ್ಕೆ ತರಬಾರದು, ಯಾರ ಖಾಸಗಿತನವನ್ನೂ ಭಂಗಗೊಳಿಸಬಾರದು ಎನ್ನುತ್ತದೆ. ಬದುಕಿರುವ ಅತ್ತಿಗೆಯ ಮನಸ್ಸನ್ನು ನೋಯಿಸುವ ಪುಟವಿದ್ದರೆ ಅದನ್ನು ಲಕೋಟೆಯಲ್ಲಿ ಮುಚ್ಚಿಡೋಣ. ಕಾಲ ಅದನ್ನು ತೆರೆಯಲಿ. ಪಾಪನಿವೇದನೆಗೆ ಸಿದ್ಧವಾಗಲು ಬರೆದುಕೊಂಡ ಹಾಳೆ ಕೈಗೆ ಸಿಕ್ಕರೆ ಮಾತ್ರ ಓದದೆ ಸುಟ್ಟುಬಿಡೋಣ. ಅದು ನಮಗೆ ಬರೆದದ್ದಲ್ಲ, ಮತ್ತು ಯಾರಿಗೆ ಬರೆದದ್ದೋ ಅವರು ಆಗಲೇ ಕ್ಷಮಿಸಿದ್ದಾರೆ.

ಬರೆಯುವವರಿಗೂ ಒಂದು ಮಾತು. ನಿಮ್ಮ ಬರಹ ಏನಾಗಬೇಕೆಂಬುದನ್ನು ಬದುಕಿದ್ದಾಗಲೇ ಮನೆಯವರಲ್ಲಿ ಒಬ್ಬರಿಗೆ ಹೇಳಿರಿ. ಸುಡಲೇಬೇಕಾದುದನ್ನು ನೀವೇ ಸುಡಿರಿ. ನಿಮ್ಮನ್ನು ಪ್ರೀತಿಸುವವರ ಕೈಗೆ ನಿಮ್ಮ ಅಕ್ಷರಗಳನ್ನೂ ಬೆಂಕಿಪೆಟ್ಟಿಗೆಯನ್ನೂ ಒಟ್ಟಿಗೆ ಕೊಟ್ಟುಹೋಗುವುದು ಅವರ ಮೇಲೆ ದೊಡ್ಡ ಭಾರ ಹೊರಿಸಿದಂತೆ.

ಅಗಲಿದವರಿಗಾಗಿ ನಾವು ಪ್ರಾರ್ಥಿಸುವಾಗ, ಅವರು ಹೇಗಿದ್ದರೋ ಹಾಗೆಯೇ ಅವರನ್ನು ದೇವರಿಗೆ ಒಪ್ಪಿಸುತ್ತೇವೆ. ಅವರ ತಪ್ಪುಗಳನ್ನು ಮರೆಮಾಚಿ ಒಪ್ಪಿಸುವುದಿಲ್ಲ. ಮರೆಮಾಚಿದರೆ ಪ್ರಾರ್ಥನೆಯೇ ಅನಗತ್ಯವಾದೀತು. ದೇವರು ಅವರನ್ನು ತಿದ್ದುವುದಾದರೆ ತಮ್ಮ ಕರುಣೆಯಿಂದ ತಿದ್ದುತ್ತಾರೆ, ಅದು ದೇವರ ಕೆಲಸ. ಅವರ ಹಾಳೆಗಳ ಮುಂದೆ ನಮ್ಮ ಕೆಲಸ ಅದಕ್ಕಿಂತ ಚಿಕ್ಕದು: ಒದ್ದೆಯಾಗದಂತೆ, ಹರಿಯದಂತೆ, ಬೆಂಕಿಗೆ ಬೀಳದಂತೆ ನೋಡಿಕೊಳ್ಳುವುದು, ಸಮಯ ಬಂದಾಗ ಭಯಭಕ್ತಿಯಿಂದ ಓದುವುದು. ಮುಂದಿನ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚಿ ಮನೆಗೆ ಮರಳಿದ ಮೇಲೆ ಆ ಟ್ರಂಕನ್ನೊಮ್ಮೆ ತೆರೆದು ನೋಡಿರಿ. ಹಾಳೆಗಳಿದ್ದರೆ ಧೂಳು ಕೊಡವಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಇದು ನಿಮ್ಮ ಅಜ್ಜಿಯ ಕೈಬರಹ ಎಂದು ತೋರಿಸಿರಿ.